ಮೀನಿನ ವಾಸನೆ ಬಂದರೆ ಮೊದಲು ಪ್ಲಗ್ ನೋಡಿ

ಪುಣೆಯ ಡಿಸೆಂಬರ್ ಚಳಿಗೆ ತಣ್ಣೀರು ಮುಟ್ಟೋಕಾಗಲ್ಲ. ಧನಕವಡಿಯ ನಮ್ಮ ಬಾಡಿಗೆ ರೂಮಿನಲ್ಲಿ ಗೀಸರ್ ಇಲ್ಲ, ಹಾಗಾಗಿ ಬಕೆಟ್ಟಿಗೆ ಇಳಿಬಿಡುವ 1500 ವ್ಯಾಟಿನ ಕಾಯಿಲ್ ತಂದೆ. ಅದರ ಪ್ಲಗ್ 16 ಆಂಪಿಯರಿನ ದಪ್ಪ ಪಿನ್ನಿಂದು, ಗೋಡೆಯ ಸಾಕೆಟ್ಟು 6 ಆಂಪಿಯರಿಂದು. ಅಂಗಡಿಯವನು ದಪ್ಪ ಪಿನ್ನನ್ನು ಸಣ್ಣ ಸಾಕೆಟ್ಟಿಗೆ ಕೂರಿಸುವ ಒಂದು ಕನ್ವರ್ಟರ್ ಕೈಗಿಟ್ಟು "ಕಾಹೀ ಹೋತ್ ನಾಹೀ" (ಏನೂ ಆಗಲ್ಲ) ಅಂದ.

ನಾನೂ ಲೆಕ್ಕ ಹಾಕಿದ್ದೆ ಮತ್ತೆ! 1500ನ್ನು 230 ವೋಲ್ಟಿನಿಂದ ಭಾಗಿಸಿದರೆ ಸುಮಾರು ಆರೂವರೆ ಆಂಪಿಯರ್. ಅರ್ಧ ತಾನೆ ಹೆಚ್ಚು, ಇರಲಿ ಅಂದುಕೊಂಡೆ.

ಎರಡನೇ ವಾರ ಒಂದು ಬೆಳಿಗ್ಗೆ ಕೆಳಗಿನ ಮನೆಯ ಓನರ್ ಅಜ್ಜಿ ಮೆಟ್ಟಿಲು ಹತ್ತಿ ಬಂದು ಮರಾಠಿಯಲ್ಲಿ ಜಬರದಸ್ತಾಗಿ ಬೈದರು: ನನ್ನ ಮನೇಲಿ ಮೀನು ಬೇಯಿಸ್ತೀಯಾ? ಆ ವಾಸನೆ ನನಗೂ ಎರಡು ದಿನದಿಂದ ಬರ್ತಿತ್ತು, ಪಕ್ಕದವರದು ಅಂದುಕೊಂಡಿದ್ದೆ. ಸ್ವಿಚ್ಚು, ಸಾಕೆಟ್ಟಿಗೆ ಬಳಸುವ ಕೆಲವು ಬಗೆಯ ಪ್ಲಾಸ್ಟಿಕ್ ಬೆಂದಾಗ ಥೇಟ್ ಮೀನಿನ ವಾಸನೆ ಬರುತ್ತದೆ. ಬಾಗಿಲ ಹಿಂದೆ ನೋಡಿದರೆ ಕನ್ವರ್ಟರ್ ಒಂದು ಬದಿಗೆ ವಾಲಿದೆ, ಪಿನ್ನಿನ ಸುತ್ತ ಬಿಳಿ ಪ್ಲಾಸ್ಟಿಕ್ ಸೀದ ಹಾಲಿನ ಬಣ್ಣಕ್ಕೆ ತಿರುಗಿ ಗುಳ್ಳೆ ಎದ್ದಿದೆ. ಓಡಿಹೋಗಿ ಮೇನ್ ಆಫ್ ಮಾಡಿದೆ. ಕರೆಂಟು ಮಿತಿ ಮೀರಿದರೆ ತಾನೇ ಆಫ್ ಆಗಬೇಕಾದ ಸ್ವಿಚ್ಚು, ಎಂಸಿಬಿ, ಬಿದ್ದಿರಲೇ ಇಲ್ಲ.

ಕಲಬುರಗಿ ಕಡೆಯ ಎಲೆಕ್ಟ್ರಿಷಿಯನ್ ಒಬ್ಬರು ಬಂದು ಒಂದೇ ನಿಮಿಷ ಕಾಯಿಲ್ ಹಚ್ಚಿ ಅಳೆದರು. (ಇದನ್ನು ನೀವು ಮಾಡೋಕೆ ಹೋಗಬೇಡಿ.) ಬೋರ್ಡಿನೊಳಗೆ ಬರುವ ವೈರಿನಲ್ಲಿ 228 ವೋಲ್ಟ್, ಕನ್ವರ್ಟರ್ ದಾಟಿದ ಮೇಲೆ 219. ವೈರನ್ನು ಹೊರಗಿನಿಂದ ಹಿಡಿದು ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರಿನಲ್ಲಿ 6.2 ಆಂಪಿಯರ್.

ನಡುವೆ ಕಳೆದುಹೋದ 9 ವೋಲ್ಟೇ ನನ್ನ ಲೆಕ್ಕದಲ್ಲಿ ಇಲ್ಲದ್ದು. 9ನ್ನು 6.2ರಿಂದ ಭಾಗಿಸಿದರೆ ಸುಮಾರು 1.45 ಓಮ್, ಅದು ಸಡಿಲ ಪಿನ್ನುಗಳ ರೆಸಿಸ್ಟೆನ್ಸು. ಅದೇ 9ನ್ನು 6.2ರಿಂದ ಗುಣಿಸಿದರೆ ಸುಮಾರು 56 ವ್ಯಾಟ್, ಕನ್ವರ್ಟರಿನಲ್ಲೇ ಹುಟ್ಟುವ ಶಾಖ. ರೇಡಿಯೋ ರಿಪೇರಿಗೆ ಬಳಸುವ ಸೋಲ್ಡರಿಂಗ್ ಐರನ್ 25 ವ್ಯಾಟಿಂದು. ಅಂಥ ಎರಡನ್ನು ಬೆಂಕಿಪೊಟ್ಟಣದಷ್ಟು ಪ್ಲಾಸ್ಟಿಕ್ಕಿನೊಳಗೆ ತುರುಕಿ ದಿನಾ ಇಪ್ಪತ್ತು ನಿಮಿಷ ಕಾಯಿಸುತ್ತಿದ್ದೆ. ರೂಮ್‌ಮೇಟ್ ತನ್ನ ಕೆಟಲನ್ನೂ ಅದಕ್ಕೇ ಸಿಕ್ಕಿಸಬೇಕು ಅಂತಿದ್ದ. ಹಾಗೇನಾದರೂ ಕರೆಂಟು ಎರಡರಷ್ಟಾಗಿದ್ದರೆ ಅಲ್ಲಿನ ಶಾಖ ನಾಲ್ಕರಷ್ಟು, ಇನ್ನೂರು ವ್ಯಾಟ್ ದಾಟುತ್ತಿತ್ತು.

ಎಂಸಿಬಿ ಯಾಕೆ ಬೀಳಲಿಲ್ಲ ಅಂತ ಕೇಳಿದೆ. ಅದಕ್ಕೆ ಕಾಣೋದು ಕರೆಂಟು ಮಾತ್ರ. ಸಡಿಲ ಜೋಡಣೆ ರೆಸಿಸ್ಟೆನ್ಸು ಕೂಡಿಸಿ ಕರೆಂಟನ್ನು ಇನ್ನೂ ಚೂರು ಇಳಿಸಿತ್ತು, ಆರೂವರೆ ಬರಬೇಕಾದಲ್ಲಿ 6.2. ಎಂಸಿಬಿ ಲೆಕ್ಕದಲ್ಲಿ ಎಲ್ಲ ಸುಖವಾಗಿದೆ.

ಮಲ್ಟಿಮೀಟರನ್ನು ಓಮ್ಸ್‌ಗೆ ಇಟ್ಟು, ತಣ್ಣಗಿರುವ ಪ್ಲಗ್ ಅಳೆದು "ಸರಿ ಇದೆ" ಅನ್ನುವವರೂ ಇದ್ದಾರೆ. ನಂಬಬೇಡಿ. ಅಷ್ಟು ಸಣ್ಣ ರೆಸಿಸ್ಟೆನ್ಸಿನಲ್ಲಿ ಮೀಟರಿನ ಸ್ವಂತ ವೈರುಗಳೇ ಸೇರಿಕೊಳ್ಳುತ್ತವೆ. ಅದೂ ಅಲ್ಲದೆ, ಲೋಡ್ ಬಿದ್ದು ಬಿಸಿಯೇರಿದಾಗ ಕೆಡುವ ಜೋಡಣೆ ತಣ್ಣಗಿದ್ದಾಗ ಸಭ್ಯವಾಗಿರುತ್ತದೆ.

ಈಗ 2.5 ಚದರ ಮಿಲಿಮೀಟರ್ ವೈರು ಎಳೆದು ಬೇರೆಯೇ 16 ಆಂಪಿಯರ್ ಪಾಯಿಂಟ್ ಹಾಕಿಸಿದ್ದೇನೆ, ಖರ್ಚು ನಂದೇ. ಅಜ್ಜಿಗೆ ಮೀನಲ್ಲ ಅಂತ ನಂಬಿಸೋಕೆ ಕರಟಿದ ಕನ್ವರ್ಟರನ್ನು ಅವರ ಮೂಗಿನ ಹತ್ತಿರ ಹಿಡಿಯಬೇಕಾಯ್ತು. ಮೂಸಿ ನೋಡಿ, ಸೀದಾ ತಮ್ಮ ಅಡುಗೆಮನೆಗೆ ಹೋಗಿ ಮಿಕ್ಸಿಯ ಪ್ಲಗ್ ಕಿತ್ತಿಟ್ಟರು.