ಮೂರು ಮಳೆಗಾಲ ಆಡಿದ ಮೇಲೆ: ‘ದಿ ಅಮೇಜಿಂಗ್ ಸ್ಪೈಡರ್-ಮ್ಯಾನ್ 2’

ಈ ವಿಡಿಯೋ ಗೇಮ್‌ನಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕೆರಳಿಸಿದ್ದು ಪರದೆಯ ಮೇಲೆ ಏರುತ್ತ ಇಳಿಯುತ್ತ ಇರುವ ಒಂದು ಅಳತೆಪಟ್ಟಿ. ನೀವು ವೀರರೋ ಊರಿಗೆ ಪೀಡೆಯೋ ಎಂದು ಅಳೆಯುವ ಪಟ್ಟಿ ಅದು. ನಗರದಲ್ಲಿ ಎಲ್ಲಿಯೋ ಬೆಂಕಿ ಬೀಳುತ್ತದೆ, ಇನ್ನೆಲ್ಲಿಯೋ ಕಳ್ಳರು ಕಾರು ಹೊಡೆದುಕೊಂಡು ಹೋಗುತ್ತಾರೆ. ಕೈಯಲ್ಲಿದ್ದುದನ್ನು ಬಿಟ್ಟು ಓಡಬೇಕು. ಓಡದಿದ್ದರೆ ಪಟ್ಟಿ ಇಳಿಯುತ್ತದೆ. ಪೂರಾ ಇಳಿದರೆ ಸಶಸ್ತ್ರ ಪಡೆಯವರು ಶತ್ರುಗಳಾಗುತ್ತಾರೆ, ಡ್ರೋನುಗಳು ಬೆನ್ನು ಹತ್ತುತ್ತವೆ. 2022ರ ಮೇ ತಿಂಗಳಲ್ಲಿ ಹುಬ್ಬಳ್ಳಿಗೆ ಹೋದಾಗ ಹಳೆಯ ಡಿಸ್ಕ್ ಒಂದನ್ನು 650 ರೂಪಾಯಿಗೆ ತಂದೆ. ಅಂದಿನಿಂದ ಮೂರು ಮಳೆಗಾಲ ಈ ಪಟ್ಟಿಯ ಜೊತೆ ಗುದ್ದಾಡಿದ್ದೇನೆ.

ಹನ್ನೆರಡು ದಿನಗಳಲ್ಲಿ ಮುಗಿಸಿ ಎತ್ತಿಟ್ಟವರು ಬರೆಯುವ ವಿಮರ್ಶೆ ಬೇರೆ. ನಾನು ನಿಧಾನವಾಗಿ ಆಡುವವನು. ಕಾರವಾರದ ಬೈತಖೋಲ ಬಂದರಿನ ಹತ್ತಿರ ಬಲೆ, ನೈಲಾನ್ ಹಗ್ಗ, ಬೆಂಡು, ಸೀಸದ ಗುಂಡು ಮಾರುವ ಅಂಗಡಿ ನಮ್ಮದು. ಜೂನ್ ಒಂದರಿಂದ ಜುಲೈ ಮೂವತ್ತೊಂದರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಜುಲೈ ಕೊನೆಗೆ ಬಲೆ ದುರಸ್ತಿಯ ಭರಾಟೆ ಶುರುವಾದರೆ ಊಟಕ್ಕೂ ಪುರುಸೊತ್ತಿಲ್ಲ. ಆದರೆ ಜೂನ್ ತಿಂಗಳಲ್ಲಿ ಅಂಗಡಿಗೆ ಬರುವುದು ಮಳೆಯ ಎರಚಲು ಮಾತ್ರ. ಸಂಜೆ ಆರಕ್ಕೆ ಶಟರ್ ಎಳೆದು, ಮನೆಗೆ ಬಂದು, ಗಂಜಿಯ ಜೊತೆ ಸುಟ್ಟ ಒಣಮೀನು ತಿಂದು, ಎರಡನೆಯ ಕೈಯ ಪ್ಲೇಸ್ಟೇಷನ್ 3 ಎಂಬ ಆಟದ ಯಂತ್ರದ ಮುಂದೆ ಕುಳಿತುಕೊಳ್ಳುತ್ತೇನೆ. ಹೊಸ ಯಂತ್ರ, ನಾಲ್ಕೈದು ಸಾವಿರದ ಹೊಸ ಆಟ ನನ್ನ ಲೆಕ್ಕಕ್ಕೆ ಬರುವುದಿಲ್ಲ. ಈ ಆಟವನ್ನು ಆನ್‌ಲೈನ್ ಮಳಿಗೆಗಳಿಂದ ತೆಗೆದು ವರ್ಷಗಳೇ ಆದವು. ಆದ್ದರಿಂದ ಹಳೆಯ ಡಿಸ್ಕೇ ಗತಿ.

ಮೊದಲ ವಾರ ನಾನು ಈ ಆಟವನ್ನು ಮನಸಾರೆ ಹೊಗಳಿದ್ದೆ. ಅದಕ್ಕೆ ಕಾರಣ ಹಗ್ಗ.

2012ರಲ್ಲಿ ಬಂದ ಇದರ ಹಿಂದಿನ ಆಟದಲ್ಲಿ ಸ್ಪೈಡರ್‌ಮ್ಯಾನ್ ಎಸೆಯುವ ನೂಲು ಆಕಾಶಕ್ಕೇ ಅಂಟಿಕೊಂಡಂತೆ ಕಾಣುತ್ತಿತ್ತು. ಹಗ್ಗದ ವ್ಯಾಪಾರ ಮಾಡುವವನ ಕಣ್ಣಿಗೆ ಅದು ಕಸ ಬಿದ್ದ ಹಾಗೆ. ಹಗ್ಗವೆಂದರೆ ಅದಕ್ಕೊಂದು ಗೂಟ ಬೇಕು. ಇಲ್ಲಿ ಆ ತಪ್ಪನ್ನು ತಿದ್ದಿದ್ದಾರೆ. ಕೈಯಲ್ಲಿ ಹಿಡಿಯುವ ಕಂಟ್ರೋಲರಿನ ಎಡ ಗುಂಡಿ, ಅಂದರೆ ಎಡ ಟ್ರಿಗರ್, ಒತ್ತಿದರೆ ಎಡಗೈಯ ನೂಲು ಎಡಬದಿಯ ಕಟ್ಟಡವನ್ನು ಹಿಡಿಯುತ್ತದೆ, ಬಲ ಟ್ರಿಗರ್ ಬಲಗೈಯದು. ಬಲಕ್ಕೆ ತಿರುಗಬೇಕೆಂದರೆ ಬಲಗೈಯ ನೂಲನ್ನು ಬಿಡದೆ ಹಿಡಿದು, ಮೂಲೆಯ ಕಟ್ಟಡದ ಸುತ್ತ ಮೈಯನ್ನು ಬೀಸಿ, ಸರಿಯಾದ ಗಳಿಗೆಯಲ್ಲಿ ಬಿಡಬೇಕು. ಸ್ವಲ್ಪ ಮೊದಲೇ ಬಿಟ್ಟರೆ ಎದುರಿನ ಗೋಡೆ, ತಡವಾದರೆ ಬಂದ ದಾರಿಯತ್ತಲೇ ಮುಖ. ಪಕ್ಕದಲ್ಲಿ ಕಟ್ಟಡ ಇಲ್ಲದಿದ್ದರೆ ಹಿಡಿತವೂ ಇಲ್ಲ, ಕೆಳಗೆ ಇಳಿಯುತ್ತಾ ಹೋಗುತ್ತೀರಿ. ಎರಡು ಬೆರಳುಗಳಿಗೆ ಈ ಲಯ ಹತ್ತಲು ನನಗೆ ಆರು ದಿನ ಬೇಕಾಯಿತು. ಹತ್ತಿದ ಮೇಲೆ ಎಡ, ಬಲ, ಎಡ, ಬಲ ಎಂದು ಹುಟ್ಟು ಹಾಕಿದ ಹಾಗೆ ಆಟದೊಳಗಿನ ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್ ದಾಟುವುದಿದೆಯಲ್ಲ, ಅಂಥ ಸುಖವನ್ನು ನಾನು ಬೇರೆ ಯಾವ ಆಟದಲ್ಲೂ ಪಟ್ಟಿಲ್ಲ.

ಮಳೆಗೆಂದು ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಘೋಷಿಸಿದ ದಿನ ಅಕ್ಕನ ಮಗ ಬೆಳಿಗ್ಗೆಯೇ ಹಾಜರು. ಅವನಿಗೆ ಕಥೆ ಬೇಡ, ಹೊಡೆದಾಟ ಬೇಡ. “ಮಾಮಾ, ಇವತ್ತು ಎತ್ತರದ ಕಟ್ಟಡದಿಂದ ಹಾರೋಣ” ಎನ್ನುತ್ತಾನೆ. ಎಡ ಟ್ರಿಗರ್ ಅವನದು, ಬಲ ಟ್ರಿಗರ್ ನನ್ನದು. ಒಂದೇ ಕಂಟ್ರೋಲರನ್ನು ಇಬ್ಬರೂ ಹಿಡಿದು, ಭುಜಕ್ಕೆ ಭುಜ ತಾಗಿಸಿ, ಉಸಿರು ಬಿಗಿಹಿಡಿದು ಹಾರಿಸುತ್ತೇವೆ. ಹೊರಗೆ ಹಂಚಿನ ಮೇಲೆ ಮಳೆ ಹೊಯ್ಯುತ್ತಿರುತ್ತದೆ.

ಆಗ ಬರುತ್ತದೆ ನೋಡಿ ಕರೆ: ಬೆಂಕಿ.

ಹೋಗುತ್ತೇವೆ. ಒಳಗೆ ಹೊಗೆ. ಒಬ್ಬರನ್ನು ಹುಡುಕಿ ಎತ್ತಿಕೊಂಡು ಹೊರಗೆ ತಂದು ಇಳಿಸಬೇಕು, ಮತ್ತೆ ಒಳಗೆ ಹೋಗಿ ಇನ್ನೊಬ್ಬರನ್ನು. ಮೊದಲ ಸಲ ನನ್ನ ಎದೆ ಹೊಡೆದುಕೊಂಡಿತು. ಹತ್ತನೆಯ ಸಲ ದಾರಿ ಬಾಯಿಪಾಠವಾಗಿತ್ತು. ನಲವತ್ತನೆಯ ಸಲ ಆ ಜನರ ಮುಖವನ್ನೂ ನೋಡುತ್ತಿರಲಿಲ್ಲ. ಕಾರು ಬೆನ್ನಟ್ಟುವುದೂ ಹಾಗೆಯೇ: ಅದರ ಮೇಲೆ ಹತ್ತು, ಗುಂಡು ತಪ್ಪಿಸು, ನೂಲು ಸುತ್ತಿ ನಿಲ್ಲಿಸು. ಮುಗಿಯಿತೆಂದು ಎರಡು ಬೀದಿ ಹಾರುವಷ್ಟರಲ್ಲಿ ಇನ್ನೊಂದು ಕರೆ. ಅದನ್ನು ಕೈಬಿಟ್ಟರೆ ಪಟ್ಟಿ ಇಳಿಯಿತು.

ಎತ್ತು ಏರಿಗೆ, ಕೋಣ ನೀರಿಗೆ. ಈ ಆಟ ಇರುವುದೇ ಹಾಗೆ. ಹಗ್ಗ ಹಿಡಿದು ಅಲೆದಾಡು ಎಂದು ಒಂದು ಕೈ ಕರೆಯುತ್ತದೆ, ಅಲೆದಾಡಿದ್ದಕ್ಕೆ ಇನ್ನೊಂದು ಕೈ ದಂಡ ಹಾಕುತ್ತದೆ. ತನ್ನಲ್ಲಿರುವ ಒಂದೇ ಒಂದು ಅಪ್ಪಟ ಸಂತೋಷಕ್ಕೆ ತಾನೇ ಕಲ್ಲು ಹಾಕಿಕೊಂಡ ಆಟ ಇದು. ಇದಕ್ಕಿಂತ ಹತ್ತು ವರ್ಷ ಹಿಂದೆ, 2004ರಲ್ಲಿ, ಅಂದಿನ ಸ್ಪೈಡರ್‌ಮ್ಯಾನ್ ಸಿನಿಮಾ ಆಧರಿಸಿ ಬಂದ ಆಟದಲ್ಲೂ ನೂಲು ಕಟ್ಟಡಕ್ಕೇ ಅಂಟುತ್ತಿತ್ತು. ಅಲ್ಲಿಯೂ ಬೀದಿಯಲ್ಲಿ ಕೂಗಿ ಕರೆಯುವವರಿದ್ದರು, ಪಿಜ್ಜಾ ತಲುಪಿಸುವ ಕೆಲಸವೂ ಇತ್ತು. ಆದರೆ ಬೇಕಾದರೆ ಮಾಡಬಹುದಿತ್ತು, ಬೇಡವಾದರೆ ಸುಮ್ಮನೆ ಹಾರುತ್ತಿರಬಹುದಿತ್ತು. ಗೆಳೆಯನ ಮನೆಯಲ್ಲಿ ಅದನ್ನು ಆಡಿದವನು ನಾನು. ಆ ಬಿಡುವೇ ಇಲ್ಲಿ ಇಲ್ಲ.

ಸಿನಿಮಾ ಆಧರಿಸಿದ ಆಟಗಳಿಗೆ ಅಂಟಿದ ರೋಗ ಎಲ್ಲರಿಗೂ ಗೊತ್ತಿರುವುದೇ. ಅಮೆರಿಕದಲ್ಲಿ ಇದೇ ಹೆಸರಿನ ಸಿನಿಮಾ ತೆರೆ ಕಂಡದ್ದು 2014ರ ಮೇ 2ರಂದು, ಆಟ ಅಂಗಡಿಗೆ ಬಂದದ್ದು ಏಪ್ರಿಲ್ 29ರಂದು. ಸಿನಿಮಾದ ತಾರೀಖು ಆಟಕ್ಕಾಗಿ ಕಾಯುವುದಿಲ್ಲ. ಒಂದೇ ಬೆಂಕಿಯನ್ನು ನಲವತ್ತು ಸಲ ಆರಿಸುವಾಗ ಆ ಅವಸರ ಕಣ್ಣಿಗೆ ರಾಚುತ್ತದೆ. ಕಥೆಯೂ ಅಷ್ಟೇ. ಸಿನಿಮಾದಲ್ಲಿ ಇಲ್ಲದ ಕ್ರೇವನ್, ಕಿಂಗ್‌ಪಿನ್, ಕಾರ್ನೇಜ್ ಎಲ್ಲರನ್ನೂ ತುರುಕಿದ್ದಾರೆ. ನಾಯಕನ ಚಿಕ್ಕಪ್ಪನನ್ನು ಕೊಂದವನ ಹುಡುಕಾಟದಿಂದ ಶುರುವಾಗುವ ಕಥೆಗೆ ಗಟ್ಟಿ ಬುನಾದಿ ಇತ್ತು. ಅದರ ಮೇಲೆ ಇಷ್ಟು ಖಳರನ್ನು ಹೇರಿದ್ದರಿಂದ ಯಾರೂ ಮನಸ್ಸಿನಲ್ಲಿ ಉಳಿಯುವುದಿಲ್ಲ, ಸಿನಿಮಾದ ಮುಖ್ಯ ಖಳ ಎಲೆಕ್ಟ್ರೋ ಕೂಡ.

ಇದನ್ನೆಲ್ಲ ಸಹಿಸಿಕೊಂಡು ಆಡುತ್ತಿದ್ದೆ. ಮೂರನೆಯ ಮಳೆಗಾಲದಲ್ಲಿ ಸಹನೆ ತೀರಿತು. 2024ರ ಆಗಸ್ಟ್ 7ರ ನಡುರಾತ್ರಿ ನಮ್ಮ ಕಾಳಿ ನದಿಯ ಹಳೆಯ ಸೇತುವೆ ಕುಸಿದು, ಅದರ ಮೇಲಿದ್ದ ಲಾರಿ ನೀರಿಗೆ ಬಿತ್ತು. ಆ ಕತ್ತಲಲ್ಲಿ, ಮಳೆಗಾಲದ ಆ ನೀರಿನಲ್ಲಿ, ಪೊಲೀಸರೂ ಮೀನುಗಾರರೂ ಸೇರಿ ಚಾಲಕನನ್ನು ಜೀವಸಹಿತ ದಡಕ್ಕೆ ತಂದರು. ಬೆಳಿಗ್ಗೆ ಅಂಗಡಿಗೆ ಬಂದವರೆಲ್ಲರ ಬಾಯಲ್ಲಿ ಅದೇ ಮಾತು. ಒಂದು ಜೀವ ಉಳಿದದ್ದನ್ನು ಹೇಳುವಾಗ ಗಂಟಲು ಕಟ್ಟುತ್ತಿತ್ತು. ಕೆಲವು ದಿನ ಬಿಟ್ಟು ಆಟ ಹಚ್ಚಿದೆ. ಬೆಂಕಿಯಿಂದ ಒಬ್ಬ ಹೆಂಗಸನ್ನು ಹೊತ್ತು ತಂದು ಇಳಿಸಿದೆ, ಪಟ್ಟಿ ತುಸು ಏರಿತು, ಅಲ್ಲಿಗೆ ಮುಗಿಯಿತು. ಕಂಟ್ರೋಲರನ್ನು ಕೆಳಗಿಟ್ಟೆ. ಜೀವ ಉಳಿಸುವುದನ್ನು ಇಷ್ಟು ಹಗುರ ಮಾಡಬಾರದಿತ್ತು. ಊರಿಗೆ ಆಪತ್ತು ಬಂದಾಗ ಓಡಿಹೋಗುವವನ ಕಥೆ ಹೇಳಲು ಹೊರಟವರು, ಆ ಓಟವನ್ನು ಪ್ರತಿ ಸಂಜೆ ಕಟ್ಟುವ ಬಡ್ಡಿಯಂತೆ ಮಾಡಿಟ್ಟಿದ್ದಾರೆ. ದಿನಕ್ಕೆ ಒಂದೇ ಆಪತ್ತು ಬಂದರೂ ಸಾಕಿತ್ತು, ಅದಕ್ಕೊಂದು ಮುಖ ಇದ್ದಿದ್ದರೆ.

ಎರಡು ತಿಂಗಳು ಡಿಸ್ಕ್ ಮುಟ್ಟಲಿಲ್ಲ. ಮತ್ತೆ ಹಚ್ಚಿದ್ದು ಅಕ್ಕನ ಮಗನ ಕಾಟಕ್ಕೆ. ಇನ್ನೊಂದು ಆಸೆಯೂ ಇತ್ತು: ಆಟದೊಳಗೆ ಕಾಮಿಕ್ ಪುಸ್ತಕಗಳ ಅಂಗಡಿಯೊಂದಿದೆ, ಅದರ ಮಾಲೀಕನ ಧ್ವನಿ ಸ್ಟ್ಯಾನ್ ಲೀ ಅವರದೇ. ಸ್ಪೈಡರ್‌ಮ್ಯಾನ್‌ನನ್ನು ಸೃಷ್ಟಿಸಿದವರಲ್ಲಿ ಒಬ್ಬರಾದ ಅವರು ತೀರಿಕೊಂಡದ್ದು 2018ರ ನವೆಂಬರಿನಲ್ಲಿ. ಅಂಗಡಿ ನಡೆಸುವ ಮುದುಕನಾಗಿ ಅವರು ಆಡುವ ಮಾತು ಕೇಳಿದರೆ ನನಗೆ ಪ್ರತಿ ಸಲವೂ ಪ್ರೀತಿ ಉಕ್ಕುತ್ತದೆ.

ಕೊಳ್ಳಬೇಕೇ ಎಂದು ಕೇಳುವವರಿಗೆ: ಏಳುನೂರು ರೂಪಾಯಿಯೊಳಗೆ, ಗೀರಿಲ್ಲದ ಡಿಸ್ಕ್ ಸಿಕ್ಕರೆ ಕೊಳ್ಳಿ. ಅದಕ್ಕಿಂತ ಒಂದು ಪೈಸೆಯನ್ನೂ ಹೆಚ್ಚು ಕೊಡಬೇಡಿ. ಡಿಸ್ಕನ್ನು ಬೆಳಕಿಗೆ ಹಿಡಿದು ಓರೆಯಾಗಿ ನೋಡಿ. ನನ್ನದರ ಅಂಚಿನಲ್ಲಿದ್ದ ಗೀರನ್ನು ಗಮನಿಸದೆ ತಂದು, ಕ್ರೇವನ್ ಜೊತೆಗಿನ ಹೊಡೆದಾಟದ ನಡುವೆ ಎರಡು ಸಲ ಆಟ ನಿಂತುಹೋಯಿತು.

ಈಗ ನಾವು ಕರೆಗಳಿಗೆ ಓಗೊಡುವುದನ್ನು ಬಿಟ್ಟಿದ್ದೇವೆ. ಪಟ್ಟಿ ಎಷ್ಟು ಬೇಕಾದರೂ ಇಳಿಯಲಿ. ಅವನು ಎಡಗೈ, ನಾನು ಬಲಗೈ. ಡ್ರೋನುಗಳು ಬಂದು ಮುತ್ತುವ ಮೊದಲು ನಗರದ ಒಂದು ತುದಿಯಿಂದ ಇನ್ನೊಂದು ತುದಿಗೆ, ನೆಲಕ್ಕೆ ಕಾಲು ತಾಗಿಸದೆ ಹೋಗಬೇಕು. ಹೋದ ಭಾನುವಾರ ಕೊನೆಯ ಎರಡು ಬೀದಿ ಬಾಕಿ ಇರುವಾಗ ಕರೆಂಟ್ ಹೋಯಿತು.