ಮಳೆಗಾಲದಲ್ಲಿ ಮನೆಯೊಳಗೆ ವಿಟಮಿನ್ ಡಿ: ಯಾವ ದೀಪ ಕೆಲಸದ್ದು, ಯಾವುದು ಬರೀ ಬೆಳಕು

ಮೃಗಶಿರದಲ್ಲಿ ಹಿಡಿದ ಮಳೆ ಆಶ್ಲೇಷ ಕಳೆಯುವವರೆಗೂ ಬಿಡದಿದ್ದರೆ ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ಮೈಗೆ ಬಿಸಿಲು ತಾಗುವುದೇ ಅಪರೂಪ. ಸರಿಯಾಗಿ ಅದೇ ಹೊತ್ತಿಗೆ ‘ಫುಲ್ ಸ್ಪೆಕ್ಟ್ರಮ್’, ‘ಸನ್‌ಲೈಟ್’ ಎಂಬ ಹೆಸರು ಹೊತ್ತ ಎಲ್‌ಇಡಿಗಳು ಆನ್‌ಲೈನಿನಲ್ಲಿ ಕಣ್ಣಿಗೆ ಬೀಳುತ್ತವೆ. ಹಲವು ಬಗೆಯ ದೀಪಗಳನ್ನು ಒಂದೇ ಮೇಜಿನ ಮೇಲಿಟ್ಟು, ಒಂದೇ ಯುವಿ (ಅತಿನೇರಳೆ ಕಿರಣ) ಇಂಡೆಕ್ಸ್ ಮೀಟರ್ ಹಿಡಿದು ನೋಡಿದ ಹೋಲಿಕೆ ಇದು.

ಮೊದಲು ಅಳತೆಗೋಲು. ಚರ್ಮದಲ್ಲಿರುವ 7-ಡಿಹೈಡ್ರೋಕೊಲೆಸ್ಟೆರಾಲ್ ಎಂಬ ವಸ್ತುವಿಗೆ 290ರಿಂದ 315 ನ್ಯಾನೊಮೀಟರ್ ತರಂಗಾಂತರದ ಯುವಿ-ಬಿ ಬಿದ್ದರೆ ಮಾತ್ರ ವಿಟಮಿನ್ ಡಿ ತಯಾರಾಗತೊಡಗುತ್ತದೆ. 298ರ ಆಸುಪಾಸಿನಲ್ಲಿ ಪರಿಣಾಮ ಅತಿ ಹೆಚ್ಚು. 310ಕ್ಕೆ ಬರುವಷ್ಟರಲ್ಲಿ ಬಹಳ ಇಳಿದಿರುತ್ತದೆ, 315 ದಾಟಿದರೆ ಹೆಚ್ಚುಕಡಿಮೆ ಮುಗಿದಂತೆ. ದೀಪ ಎಷ್ಟು ಪ್ರಖರವಾಗಿದೆ, ಎಷ್ಟು ವ್ಯಾಟಿನದು, ಬಣ್ಣ ಸೂರ್ಯನಂತಿದೆಯೇ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಪೆಟ್ಟಿಗೆಯ ಮೇಲೆ ನ್ಯಾನೊಮೀಟರ್ ಅಂಕಿ ಇಲ್ಲದಿದ್ದರೆ ಅಲ್ಲಿಗೇ ಬಿಟ್ಟುಬಿಡಬಹುದು.

ಮೀಟರ್ ಇಲ್ಲದವರು ಬಣ್ಣ ಬದಲಿಸುವ ಯುವಿ ಮಣಿಗಳನ್ನು ನಂಬಿ ಮೋಸ ಹೋಗುತ್ತಾರೆ. ಆ ಮಣಿಗಳು ಇನ್ನೂ ಉದ್ದ ತರಂಗಾಂತರದ ಯುವಿ-ಎಗೂ ಬಣ್ಣ ಕಟ್ಟುತ್ತವೆ. ದೀಪಕ್ಕೂ ಮಣಿಗೂ ನಡುವೆ ಕಿಟಕಿಯ 4 ಮಿಲಿಮೀಟರ್ ಗಾಜಿನ ತುಂಡು ಹಿಡಿಯಿರಿ. ಗಾಜು ಯುವಿ-ಬಿಯನ್ನು ನುಂಗುತ್ತದೆ, ಯುವಿ-ಎಯನ್ನು ಬಹುಪಾಲು ಬಿಡುತ್ತದೆ. ಹಾಗಾಗಿ ಗಾಜಿನ ಹಿಂದೆಯೂ ಮಣಿ ಅಷ್ಟೇ ಗಾಢವಾಗಿ ಬಣ್ಣ ಕಟ್ಟಿದರೆ ಆ ದೀಪದಲ್ಲಿರುವುದು ನಮಗೆ ಬೇಡದ ಯುವಿ-ಎ.

ಸಾಮಾನ್ಯ ಬಿಳಿ ಎಲ್‌ಇಡಿ, ದುಬಾರಿ ‘ಫುಲ್ ಸ್ಪೆಕ್ಟ್ರಮ್’ ಬಲ್ಬ್, ಗಿಡ ಬೆಳೆಸುವ ನೇರಳೆ-ಕೆಂಪು ಪ್ಯಾನೆಲ್, ಈ ಮೂರಕ್ಕೂ ಮೀಟರನ್ನು ಅಂಟಿಸಿ ಹಿಡಿದರೂ ಅಂಕಿ ಸೊನ್ನೆ. ಬಿಳಿ ಎಲ್‌ಇಡಿ ಎಂದರೆ 450 ನ್ಯಾನೊಮೀಟರಿನ ನೀಲಿ ಚಿಪ್, ಅದರ ಮೇಲೆ ಹಳದಿ ಫಾಸ್ಫರ್ ಲೇಪ, ಅಷ್ಟೆ. ಅದರೊಳಗೆ ಯುವಿ-ಬಿ ಹುಟ್ಟಲು ಜಾಗವೇ ಇಲ್ಲ. ಮಂಕು ಕಳೆಯಲು ಮಾರುವ 10,000 ಲಕ್ಸ್ ಪ್ಯಾನೆಲ್ ಕೆಲಸ ಮಾಡುವುದು ಕಣ್ಣಿನ ಮೂಲಕ. ಅದರಲ್ಲಿ ಯುವಿ ಇರಲೂಬಾರದು. ಉಗುರಿನ ಜೆಲ್ ಒಣಗಿಸುವ, ಕಳ್ಳನೋಟು ನೋಡುವ 365-405 ನ್ಯಾನೊಮೀಟರಿನ ದೀಪಗಳು ಯುವಿ ಹೌದು, ವಿಟಮಿನ್ ಡಿಗೆ ದಂಡ. ನೀರಿನ ಫಿಲ್ಟರಿನ 254ರ ಯುವಿ-ಸಿ ಟ್ಯೂಬನ್ನಂತೂ ಬಿಚ್ಚಿ ಮೈಗೆ ಹಿಡಿಯುವ ಯೋಚನೆಯೇ ಬೇಡ. ಅದು ಕಣ್ಣು, ಚರ್ಮ ಎರಡನ್ನೂ ಸುಡುತ್ತದೆ.

ಅಂಕಿ ಏಳುವುದು ಮುಂದಿನ ಮೂರರಲ್ಲಿ.

ಹಲ್ಲಿ-ಆಮೆ ಸಾಕುವವರ ಟಿ5 ಯುವಿ-ಬಿ ಟ್ಯೂಬ್ ಇವುಗಳಲ್ಲಿ ಅಗ್ಗ, ಉದ್ದಕ್ಕೂ ಸಮನಾಗಿ ಹರಡುತ್ತದೆ. ಎಡವಟ್ಟಾಗುವುದು ಟ್ಯೂಬ್ ಕೂರಿಸುವ ಪಟ್ಟಿಯಲ್ಲಿ (ಫಿಟ್ಟಿಂಗಿನಲ್ಲಿ). 2 ಅಡಿಯ ಯುವಿ-ಬಿ ಟ್ಯೂಬ್ 24 ವ್ಯಾಟಿನದು, ಮನೆಬಳಕೆಯ 2 ಅಡಿ ಟಿ5 ಪಟ್ಟಿ 14 ವ್ಯಾಟಿನದು. ಉದ್ದ ಒಂದೇ, ಪಿನ್ ಒಂದೇ, ಆದ್ದರಿಂದ ಸಲೀಸಾಗಿ ಕೂರುತ್ತದೆ. ಆದರೆ ಒಳಗಿನ ಎಲೆಕ್ಟ್ರಾನಿಕ್ ಚೋಕ್ ಬೇಕಾದಷ್ಟು ಕರೆಂಟ್ ಕೊಡುವುದಿಲ್ಲ. ಟ್ಯೂಬ್ ಹೊತ್ತುತ್ತದೆ, ಯುವಿ ಏಳುವುದಿಲ್ಲ, ತುದಿಗಳು ಬೇಗ ಕಪ್ಪಾಗುತ್ತವೆ. 4 ಅಡಿಯದರಲ್ಲೂ 54ಕ್ಕೆ 28ರ ಚೋಕ್ ಹಾಕಿದರೆ ಇದೇ ಕಥೆ. ಇನ್ನೊಂದು: ಕಣ್ಣಿಗೆ ಟ್ಯೂಬ್ ಹೊಸದರಂತೆ ಉರಿಯುತ್ತಿದ್ದರೂ ಯುವಿ ಇಳಿದಿರುತ್ತದೆ. ಅದಕ್ಕೇ 6ರಿಂದ 12 ತಿಂಗಳಿಗೆ ಬದಲಿಸಬೇಕು. ಟ್ಯೂಬಿನ ಮೇಲೆ ಬರೆದಿರುವ ಯುವಿ-ಬಿಯ ಶೇಕಡಾ ಅಂಕಿ ಪ್ರಾಣಿಯ ಗೂಡಿಗೆಂದು ಬರೆದದ್ದು, ಮನುಷ್ಯರ ಚರ್ಮಕ್ಕೆ ಎಷ್ಟು ನಿಮಿಷ ಎಂಬುದನ್ನು ಅದು ಹೇಳುವುದಿಲ್ಲ. ಒಡೆದರೆ ಒಳಗೆ ಪಾದರಸವಿದೆ, ಗುಡಿಸುವ ಮೊದಲು ಕಿಟಕಿ ತೆರೆಯಿರಿ.

311 ನ್ಯಾನೊಮೀಟರಿನ ನ್ಯಾರೋಬ್ಯಾಂಡ್ ಟ್ಯೂಬ್ ಚರ್ಮವೈದ್ಯರದು. ಸೋರಿಯಾಸಿಸ್, ತೊನ್ನಿಗೆ ಬಳಸುತ್ತಾರೆ. ಆ ಚಿಕಿತ್ಸೆಯಲ್ಲಿರುವವರಿಗೆ ವಿಟಮಿನ್ ಡಿ ಮಟ್ಟವೂ ಏರುತ್ತದೆ. ಆದರೆ ಅದು ಉಪಲಾಭ. ಡಿ ಒಂದಕ್ಕಾಗಿಯೇ ಇದನ್ನು ಮನೆಗೆ ತರುವುದರಲ್ಲಿ ಅರ್ಥವಿಲ್ಲ, 298ರಿಂದ ಅಷ್ಟು ದೂರವಿರುವ ದೀಪ ಅದು.

ಇನ್ನು ನಿಜವಾದ ಯುವಿ-ಬಿ ಎಲ್‌ಇಡಿ. ತತ್ತ್ವದಲ್ಲಿ ಇದನ್ನು ಮೀರಿಸುವ ದೀಪವಿಲ್ಲ, ಏಕೆಂದರೆ ಬೇಕಾದ ತರಂಗಾಂತರವನ್ನಷ್ಟೇ ಆರಿಸಿ ಬಿಡಬಹುದು. 2017ರಲ್ಲಿ ಬೋಸ್ಟನ್ ವಿಶ್ವವಿದ್ಯಾಲಯದ ತಂಡ ಪ್ರಕಟಿಸಿದ ಪ್ರಯೋಗದಲ್ಲಿ, 293 ನ್ಯಾನೊಮೀಟರಿನ ಎಲ್‌ಇಡಿಗೆ ಸುಮಾರು ಅರ್ಧ ನಿಮಿಷ ಒಡ್ಡಿದ ಚರ್ಮದ ಮಾದರಿಯಲ್ಲಿ, ಮೂವತ್ತೆರಡೂವರೆ ನಿಮಿಷ ಬಿಸಿಲಿಗಿಟ್ಟ ಮಾದರಿಗಿಂತ ಎರಡು ಪಟ್ಟಿಗೂ ಹೆಚ್ಚು ಪ್ರೀವಿಟಮಿನ್ ಡಿ3 (ವಿಟಮಿನ್ ಡಿಯ ಮೊದಲ ರೂಪ) ಉಂಟಾಯಿತು. ಜಾಹೀರಾತುಗಳೆಲ್ಲ ಜೋತುಬೀಳುವುದು ಈ ಅಂಕಿಗೇ. ಅದು ಚರ್ಮದ ತುಣುಕು, ಇಡೀ ಮೈಯಲ್ಲ ಎಂಬುದನ್ನು ಅವು ಹೇಳುವುದಿಲ್ಲ.

ಬಳಕೆಯಲ್ಲಿ ತೊಡಕು ಬೇರೆ ಬೇರೆ ಕಡೆ. ಇದರೊಳಗಿನ ಅಲ್ಯೂಮಿನಿಯಂ ಗ್ಯಾಲಿಯಂ ನೈಟ್ರೈಡ್ ಚಿಪ್ ಕರೆಂಟಿನ ತೀರಾ ಸಣ್ಣ ಪಾಲನ್ನಷ್ಟೇ ಬೆಳಕಾಗಿಸುತ್ತದೆ, ಉಳಿದದ್ದೆಲ್ಲ ಕಾವು. ಹಿಂದೆ ಕಾವು ಎಳೆದುಕೊಳ್ಳುವ ಅಲ್ಯೂಮಿನಿಯಂ ಹೀಟ್‌ಸಿಂಕ್, ನಡುವೆ ತೆಳುವಾಗಿ ಥರ್ಮಲ್ ಪೇಸ್ಟ್ ಇಲ್ಲದಿದ್ದರೆ ಚಿಪ್ಪಿನ ಆಯುಸ್ಸು ಬೇಗ ಮುಗಿಯುತ್ತದೆ. ಬಿಳಿ ಎಲ್‌ಇಡಿ 3 ವೋಲ್ಟಿನ ಆಸುಪಾಸಿನಲ್ಲಿ ಹೊತ್ತಿದರೆ ಇದಕ್ಕೆ 5ರಿಂದ 7 ಬೇಕು, ಹಾಗಾಗಿ ಬಿಳಿ ಎಲ್‌ಇಡಿಯ ಹಳೆಯ ಡ್ರೈವರ್ (ಕರೆಂಟ್ ಕೊಡುವ ಸರ್ಕ್ಯೂಟ್) ತೆಗೆದು ಜೋಡಿಸಿದರೆ ಮಿಣುಕುವುದೂ ಇಲ್ಲ. ಮುಚ್ಚಳ ಕ್ವಾರ್ಟ್ಜ್ ಆಗಿರಬೇಕು. ಧೂಳು ಬೀಳುತ್ತದೆಂದು ಮೇಲೊಂದು ಗಾಜೋ ಪಾಲಿಕಾರ್ಬೊನೇಟ್ ಹಾಳೆಯೋ ಇಟ್ಟರೆ ಮೀಟರ್ ಸೊನ್ನೆಗೆ ಬಂದುಬಿಡುತ್ತದೆ. ಕೊಟ್ಟ ದುಡ್ಡೆಲ್ಲ ಆ ಹಾಳೆಯ ಪಾಲು. ನಕಲಿ ಗುರುತಿಸುವುದು ಸುಲಭ: ಅಸಲಿ ಚಿಪ್ ಕಣ್ಣಿಗೆ ಮಂಕಾಗಿ ಕಾಣುತ್ತದೆ, ಝಗಝಗ ನೇರಳೆ ಹೊಳೆದರೆ ಅದು 400ರ ಹತ್ತಿರದ್ದು.

ಎಲ್ಲಕ್ಕಿಂತ ದೊಡ್ಡ ಮಿತಿ ವಿಸ್ತೀರ್ಣ. ತಯಾರಾಗುವ ವಿಟಮಿನ್ ಚರ್ಮದ ಎಷ್ಟು ಜಾಗಕ್ಕೆ ಬೆಳಕು ಬಿತ್ತೆಂಬುದರ ಮೇಲೆ ನಿಂತಿದೆ. ನಾಲ್ಕೈದು ಚಿಪ್ಪಿನ ದೀಪ ಬೆಳಗುವುದು ಅಂಗೈಯಗಲ. ದೂರ ಸರಿಸಿ ಅಗಲ ಮಾಡೋಣವೆಂದರೆ, ದೂರ ಎರಡರಷ್ಟಾದಾಗ ತೀವ್ರತೆ ನಾಲ್ಕನೆಯ ಒಂದಕ್ಕೆ ಬೀಳುತ್ತದೆ. ಹತ್ತಿರ ತಂದು ಹೆಚ್ಚು ಹೊತ್ತು ಹಿಡಿದರೆ ಅದೇ ಅಂಗೈಯಗಲ ಸುಡುತ್ತದೆ. ಸುಟ್ಟದ್ದು ಆಗಲೇ ಗೊತ್ತಾಗುವುದಿಲ್ಲ, ಕೆಂಪು ಏಳುವುದು ಹಲವು ಗಂಟೆಗಳ ನಂತರ. ಕಣ್ಣಿನದೂ ಹಾಗೆಯೇ: ವೆಲ್ಡಿಂಗ್ ನೋಡಿದವರಂತೆ ರಾತ್ರಿ ಕಣ್ಣಲ್ಲಿ ಮರಳು ಹಾಕಿದಂತಾಗುತ್ತದೆ. ಪಾಲಿಕಾರ್ಬೊನೇಟ್ ಸುರಕ್ಷತಾ ಕನ್ನಡಕ ಹಾಕಲೇಬೇಕು. ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್, ಬಿಪಿಯ ಹೈಡ್ರೋಕ್ಲೋರೋಥಯಾಜೈಡ್ ಮಾತ್ರೆ ನುಂಗುವವರು, ಲೂಪಸ್ ಕಾಯಿಲೆ ಇರುವವರು ಯಾವ ಯುವಿ ದೀಪವನ್ನೂ ತಾವಾಗಿ ಮುಟ್ಟಬಾರದು. ಟೈಮರ್ ದೀಪದೊಳಗೇ ಇರಬೇಕು. ಫೋನಿನ ಅಲಾರಂ ನಂಬಿದರೆ, ನಡುವೆ ಕರೆಂಟ್ ಹೋಗಿ ಬಂದಾಗ ಲೆಕ್ಕ ತಪ್ಪುತ್ತದೆ, ಮಳೆಗಾಲದಲ್ಲಿ ಇದು ದಿನದ ಮಾತು.

ಹಾಗಾದರೆ ಬಿಸಿಲಿನ ಎದುರು ಇವು ನಿಲ್ಲುತ್ತವೆಯೇ? ನಮ್ಮ ಚಿಕ್ಕಮಗಳೂರು, ಹಾಸನ ಎರಡೂ ಜಿಲ್ಲೆಗಳು 13 ಡಿಗ್ರಿ ಅಕ್ಷಾಂಶದ ಸುತ್ತ ಇವೆ. ಡಿಸೆಂಬರ್ 21ರ ನಡುಮಧ್ಯಾಹ್ನವೂ ಚಿಕ್ಕಮಗಳೂರಿನಲ್ಲಿ ಸೂರ್ಯ 53 ಡಿಗ್ರಿ ಎತ್ತರದಲ್ಲಿರುತ್ತಾನೆ. 5 ಅಡಿ ಎತ್ತರದವರ ನೆರಳು 4 ಅಡಿಯೂ ಆಗುವುದಿಲ್ಲ. ನೆರಳು ನಮಗಿಂತ ಗಿಡ್ಡವಿದ್ದರೆ ಯುವಿ-ಬಿ ಸಾಕಷ್ಟಿದೆ ಎಂದೇ ಲೆಕ್ಕ. ಸೂರ್ಯ ಅತಿ ಎತ್ತರಕ್ಕೆ ಬರುವುದು ಇಲ್ಲಿ ತಿಂಗಳಿಗೆ ತಕ್ಕಂತೆ 12.10ರಿಂದ 12.40ರ ನಡುವೆ. ಎಳೆಬಿಸಿಲು ಒಳ್ಳೆಯದೆಂದು ಮಗುವನ್ನು ಏಳು ಗಂಟೆಗೆ ಅಂಗಳಕ್ಕೆ ತರುತ್ತಾರಲ್ಲ, ಆ ಹೊತ್ತಿನಲ್ಲಿ ಬೆಳಕು ವಾತಾವರಣದಲ್ಲಿ ಓರೆಯಾಗಿ ಬಹುದೂರ ಹಾದು ಬರುವುದರಿಂದ ಯುವಿ-ಬಿ ಓಜೋನಿನಲ್ಲೇ ಸೋರಿಹೋಗಿರುತ್ತದೆ. ಹಿತವಾಗಿರುತ್ತದೆ ನಿಜ, ಡಿ ಸಿಗುವುದಿಲ್ಲ. ಗಾಜಿನ ಹೆಂಚಿನಿಂದ ಜಗಲಿಗೆ ಬೀಳುವ ಬಿಸಿಲೂ, ಕಾಫಿ ಕಣಕ್ಕೆ ಹೊದಿಸಿದ ಪಾಲಿಕಾರ್ಬೊನೇಟ್ ಶೀಟಿನ ಕೆಳಗಿನ ಬಿಸಿಲೂ ಅಷ್ಟೇ. ಕಪ್ಪು ಮೈಬಣ್ಣದವರಿಗೆ ಹೆಚ್ಚು ಹೊತ್ತು ಬೇಕು. ಕಡೂರು, ಅರಸೀಕೆರೆ ಕಡೆಯವರಿಗೆ ಮಳೆಗಾಲದಲ್ಲೂ ಬಿಸಿಲು ಸಿಗುತ್ತದೆ, ಅವರು ದೀಪದ ಮಾತೇ ಆಡಬೇಕಿಲ್ಲ.

ಮಲೆನಾಡಿನ ಆ ಎರಡು-ಮೂರು ತಿಂಗಳಿಗೆ ಮಾತ್ರೆಯೇ ಗೆಲ್ಲುತ್ತದೆ. ದೊಡ್ಡವರಿಗೆ ದಿನಕ್ಕೆ 600 ಐಯು (ಅಂತಾರಾಷ್ಟ್ರೀಯ ಯೂನಿಟ್) ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2020ರ ಶಿಫಾರಸು. ಕೊರತೆ ಇದ್ದರೆ ವೈದ್ಯರು 60,000 ಐಯು ವಾರಕ್ಕೊಂದರಂತೆ ಬರೆಯುತ್ತಾರೆ. ಇದನ್ನೇ ದಿನಾ ನುಂಗಿ ರಕ್ತದಲ್ಲಿ ಕ್ಯಾಲ್ಸಿಯಂ ಏರಿಸಿಕೊಳ್ಳುವವರಿದ್ದಾರೆ. ಬೆಳಕಿನಲ್ಲಿ ಈ ಅಪಾಯವಿಲ್ಲ, ಮಿಕ್ಕಿದ್ದನ್ನು ಚರ್ಮವೇ ಬೇರೆ ನಿರುಪಯೋಗಿ ವಸ್ತುವಾಗಿಸುತ್ತದೆ. ಯುವಿ-ಬಿ ಎಲ್‌ಇಡಿಗೆ ನಿಜವಾಗಿ ಬೆಲೆಯಿರುವುದು ಕರುಳಿನ ಕಾಯಿಲೆಯಿಂದ ಕೊಬ್ಬು ಹೀರಲಾಗದವರಿಗೆ, ಮಾತ್ರೆ ಮೈಗೆ ಹತ್ತದವರಿಗೆ, ಅದೂ ವೈದ್ಯರ ಉಸ್ತುವಾರಿಯಲ್ಲಿ.

ಡಿ3 ಮಾತ್ರೆ ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ಬರುತ್ತದೆ. ಅದು ಒಲ್ಲದ ಸಸ್ಯಾಹಾರಿಗಳಿಗೆ ಅಣಬೆಯಿದೆ: ಹೋಳು ಮಾಡಿ, ಹೊಳವಾದ ದಿನ ನಡುಮಧ್ಯಾಹ್ನ ಕಣದಲ್ಲಿ ಹರಡಿದರೆ ವಿಟಮಿನ್ ಡಿಯ ಇನ್ನೊಂದು ರೂಪವಾದ ಡಿ2 ಕಟ್ಟುತ್ತದೆ. ಕಾಗೆಗೆ ಹೆದರಿ ಗಾಜು ಮುಚ್ಚಬೇಡಿ, ಬಲೆ ಹಾಕಿ.