ಕೊಡಗಿನ ಮಳೆಗೆ ಹಾವನ್ನು ಮೀನಿನ ಟ್ಯಾಂಕ್‌ನಲ್ಲಿ ಇಡಬೇಡಿ

ಹೋದ ವರ್ಷ ಜುಲೈನಲ್ಲಿ ನಾನು ಸಾಕಿದ ಬಾಲ್ ಪೈಥಾನ್ ಹಾವು ಸತ್ತೇ ಹೋಗುತ್ತೆ ಅಂದುಕೊಂಡಿದ್ದೆ. ಅದನ್ನು ಆ ಸ್ಥಿತಿಗೆ ತಂದದ್ದು ನಾನೇ ಆರಿಸಿ ತಂದ ಪೆಟ್ಟಿಗೆ. ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಕಡೆ ಯಾರಾದರೂ ಹಾವು ಸಾಕುವ ಯೋಚನೆಯಲ್ಲಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ, ಆಮೇಲೆ ಅಂಗಡಿಗೆ ಹೋಗಿ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ತೋಟದಲ್ಲಿ ಕಾಣುವ ಹೆಬ್ಬಾವು, ಕೇರೆ ಹಾವು ಯಾವುದನ್ನೂ ಹಿಡಿದು ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ. ಬಾಲ್ ಪೈಥಾನ್ ಆಫ್ರಿಕಾದ ಹಾವು. ವನ್ಯಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಪಟ್ಟಿಯಲ್ಲಿ ಇರುವುದರಿಂದ ಅದನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಲೇಬೇಕು, ಒಬ್ಬರಿಂದ ಇನ್ನೊಬ್ಬರಿಗೆ ಹೋದರೆ ಅದನ್ನೂ ತಿಳಿಸಬೇಕು. ನಮ್ಮ ಹಾವಿನ ಹೆಸರು ಮುತ್ತು, ಅದು ಬಂದದ್ದು ಅಣ್ಣನ ಗೆಳೆಯರೊಬ್ಬರಿಂದ. ಅವರು ವಿದೇಶಕ್ಕೆ ಹೊರಟಿದ್ದರು, ಕಾಗದಪತ್ರ ಎಲ್ಲ ಸರಿ ಮಾಡಿಯೇ ಕೊಟ್ಟರು. ಪೆಟ್ಟಿಗೆ ಮಾತ್ರ ನಾನು ಕೊಳ್ಳಬೇಕಿತ್ತು.

ಅಕ್ವೇರಿಯಂ ಅಂಗಡಿಯೊಂದಕ್ಕೆ ಹೋದೆ. ಮೂರು ಅಡಿ ಉದ್ದದ ಗಾಜಿನ ಟ್ಯಾಂಕ್, ಮೇಲೆ ಜಾಲರಿ ಮುಚ್ಚಳ, ಕೆಳಗೆ ಅಂಟಿಸಲು ಒಂದು ಹೀಟ್ ಮ್ಯಾಟ್ ತೋರಿಸಿದರು. ಬೇಕಾದಷ್ಟು ಬಿಸಿಯಾದ ಕೂಡಲೇ ತಾನಾಗಿ ಆಫ್ ಮಾಡುವ ಥರ್ಮೋಸ್ಟಾಟ್ ಬೇಡವಾ ಅಂತ ಕೇಳಿದೆ. "ಚಿಕ್ಕ ಮ್ಯಾಟ್ ಅಕ್ಕಾ, ಅಷ್ಟೇನೂ ಬಿಸಿ ಆಗಲ್ಲ. ಬೆಂಗಳೂರಲ್ಲಿ ಎಲ್ಲರೂ ಇದರಲ್ಲೇ ಇಡೋದು" ಅಂದರು. ನಾನೂ ನಂಬಿದೆ. ನೋಡೋಕೆ ಚೆನ್ನಾಗಿತ್ತು, ನಾಲ್ಕೂ ಕಡೆಯಿಂದ ಹಾವು ಕಾಣುತ್ತಿತ್ತು.

ನಾಲ್ಕೂ ಕಡೆಯಿಂದ ಕಾಣುವುದೇ ಹಾವಿಗೆ ಕಷ್ಟ ಅಂತ ಆಗ ಗೊತ್ತಿರಲಿಲ್ಲ. ಬಾಲ್ ಪೈಥಾನ್ ಕಾಡಿನಲ್ಲಿ ಹಗಲು ಕಳೆಯುವುದು ಬಿಲದೊಳಗೆ, ಗೆದ್ದಲು ಹುತ್ತದೊಳಗೆ. ಮೈಗೆ ಒತ್ತಿಕೊಳ್ಳುವಂಥ ಇಕ್ಕಟ್ಟಾದ ಕತ್ತಲು ಜಾಗ ಬೇಕು ಅದಕ್ಕೆ. ಮೇಲಿನಿಂದ ಕೈ ಇಳಿದರೆ ಹದ್ದು ಎರಗಿದ ಹಾಗೆ ಬೆದರುತ್ತದೆ. ಮುತ್ತು ನಾನು ಮುಚ್ಚಳ ತೆಗೆದಾಗಲೆಲ್ಲ ಉಂಡೆಯಾಗಿ ತಲೆಯನ್ನು ಒಳಗೆ ಬಚ್ಚಿಟ್ಟುಕೊಳ್ಳುತ್ತಿತ್ತು. ನಾಚಿಕೆ ಸ್ವಭಾವ ಅಂದುಕೊಂಡು ಸುಮ್ಮನಿದ್ದೆ.

ಮೊದಲ ಎಚ್ಚರಿಕೆ ಸಿಕ್ಕಿದ್ದು ಮೇ ತಿಂಗಳಲ್ಲಿ. ಒಂದು ಬೆಳಿಗ್ಗೆ ನೋಡಿದರೆ ಮುಚ್ಚಳದ ಒಂದು ಮೂಲೆ ಎದ್ದಿದೆ, ಹಾವಿಲ್ಲ. ರಾತ್ರಿಯೆಲ್ಲ ಮೂಗಿನಿಂದ ಒತ್ತಿ ಒತ್ತಿ ಜಾಗ ಮಾಡಿಕೊಂಡಿದೆ. ಕೊನೆಗೆ ಸಿಕ್ಕಿದ್ದು ಉಗ್ರಾಣದಲ್ಲಿ, ಕರಿಮೆಣಸಿನ ಚೀಲದ ಹಿಂದೆ. ಅದನ್ನು ಮೊದಲು ಕಂಡದ್ದು ತೋಟದ ಕೆಲಸಕ್ಕೆ ಬರುವ ಅಕ್ಕ. "ಕೊಳಕುಮಂಡಲ!" ಅಂತ ಕೂಗಿ ಕತ್ತಿ ಎತ್ತಿಯೇಬಿಟ್ಟಿದ್ದರು. ನಾನು ಓಡಿ ಹೋಗಿ ಅಡ್ಡ ನಿಂತೆ. ಅವರದ್ದೇನೂ ತಪ್ಪಿಲ್ಲ. ಕಂದು ಮೈ, ಮೇಲೆ ಮಚ್ಚೆ, ದಪ್ಪ ಕುಳ್ಳ ಹಾವು. ದಿನಾ ಕಾಫಿ ಗಿಡದ ಬುಡದಲ್ಲಿ ಕೈ ಹಾಕಿ ಕೆಲಸ ಮಾಡುವವರು ಹಾಗೆ ಅಂದುಕೊಳ್ಳದೆ ಇರುತ್ತಾರಾ? ನಮ್ಮೂರಲ್ಲಿ ಪೆಟ್ಟಿಗೆಯಿಂದ ತಪ್ಪಿಸಿಕೊಂಡ ಹಾವು ಜೀವಂತ ವಾಪಸ್ ಬರುವುದು ಅನುಮಾನವೇ. ಇದಕ್ಕಿಂತ ಭಯದ ವಿಷಯ ಇನ್ನೊಂದಿದೆ. ಮನೆ ಹಾವು ಅಂದುಕೊಂಡು ಯಾರಾದರೂ ನಿಜವಾದ ಕೊಳಕುಮಂಡಲಕ್ಕೆ ಕೈ ಹಾಕಬಹುದು.

ಅವತ್ತು ಮುಚ್ಚಳದ ಮೇಲೆ ಎರಡು ಇಟ್ಟಿಗೆ ಇಟ್ಟೆ. ಪೆಟ್ಟಿಗೆಯನ್ನೇ ಬದಲಾಯಿಸಬೇಕಿತ್ತು.

ಜೂನ್‌ನಲ್ಲಿ ಮಳೆ ಹಿಡಿಯಿತು. ನಮ್ಮ ಕಡೆಯ ಮಳೆ ಗೊತ್ತಲ್ಲ, ವಾರಗಟ್ಟಲೆ ಬಿಸಿಲು ಕಾಣಲ್ಲ, ಒಗೆದ ಬಟ್ಟೆ ಒಲೆಯ ಮೇಲೆ ಒಣಗಬೇಕು. ಕೋಣೆಯ ಒಳಗೇ 18 ಡಿಗ್ರಿ. ಬಾಲ್ ಪೈಥಾನ್‌ಗೆ ಪೆಟ್ಟಿಗೆಯ ಒಂದು ತುದಿ 31ರಿಂದ 33 ಡಿಗ್ರಿ ಇರಬೇಕು, ಇನ್ನೊಂದು ತುದಿ 25ರ ಆಸುಪಾಸು. ನಮ್ಮ ಹಾಗೆ ಅದು ಮೈಯೊಳಗೆ ಬಿಸಿ ಹುಟ್ಟಿಸಿಕೊಳ್ಳಲಾರದು. ತಿಂದದ್ದು ಅರಗಬೇಕಾದರೂ ರೋಗದ ವಿರುದ್ಧ ಮೈ ಕಾದಾಡಬೇಕಾದರೂ ಹೊರಗಿನ ಬಿಸಿಯೇ ಬೇಕು. ನನ್ನ ಟ್ಯಾಂಕ್‌ನಲ್ಲಿ ಜಾಲರಿಯಿಂದ ಬಿಸಿಯೆಲ್ಲ ಮೇಲಕ್ಕೆ ಹೋಗುತ್ತಿತ್ತು, ಗಾಜು ಉಳಿದದ್ದನ್ನು ಕಳೆಯುತ್ತಿತ್ತು. ಥರ್ಮಾಮೀಟರ್ 21 ತೋರಿಸಿತು.

ಬಿಸಿ ನಿಲ್ಲಲಿ ಅಂತ ಜಾಲರಿಗೆ ಪ್ಲಾಸ್ಟಿಕ್ ಹೊದಿಸಿದೆ. ಗಾಳಿ ಓಡಾಡುವುದು ನಿಂತಿತು. ತಣ್ಣನೆ ಗಾಜಿನ ಮೇಲೆ ನೀರು ಹನಿ ಕಟ್ಟಿ ಕೆಳಗೆ ಇಳಿಯಿತು, ಹಾಸಿದ್ದ ತೆಂಗಿನ ನಾರು ಒದ್ದೆಯಾಗಿ ಬೂಸ್ಟು ಬಂತು. ಹಾಗಾದರೆ ಕೆಳಗಿಂದ ಬಿಸಿ ಸಾಲದು ಅಂತ ಇನ್ನೊಂದು ಮ್ಯಾಟ್ ಅಂಟಿಸಿದೆ. ಥರ್ಮೋಸ್ಟಾಟ್ ಇಲ್ಲದ ಮ್ಯಾಟ್‌ಗೆ ಎಲ್ಲಿ ನಿಲ್ಲಬೇಕು ಅಂತ ಗೊತ್ತಾಗಲ್ಲ. ನಾರಿನ ಕೆಳಗೆ ಗಾಜು ಸುಡುತ್ತಿತ್ತು, ಮೇಲಿನ ಗಾಳಿ ಥಂಡಿಯಾಗೇ ಇತ್ತು. ಪಾಪ, ಮುತ್ತು ನಾರನ್ನು ಬಗೆದು ಆ ಗಾಜಿಗೇ ಹೊಟ್ಟೆ ಒತ್ತಿ ಮಲಗುತ್ತಿತ್ತು. ಚಳಿ ತಡೆಯಲಾರದ ಹಾವು ಮೈ ಸುಟ್ಟರೂ ಆ ಜಾಗ ಬಿಡಲ್ಲ.

ಜುಲೈ ಎರಡನೇ ವಾರ. ರಾತ್ರಿ ಹೆಂಚಿನ ಮೇಲೆ ಮಳೆಯ ಸದ್ದು ಸ್ವಲ್ಪ ಕಮ್ಮಿಯಾದಾಗ ಟ್ಯಾಂಕ್ ಕಡೆಯಿಂದ 'ಟಿಕ್... ಟಿಕ್...' ಅಂತ ಕೇಳಿತು. ಟಾರ್ಚ್ ಹಾಕಿದೆ. ಮುತ್ತು ತಲೆಯನ್ನು ನೇರ ಮೇಲಕ್ಕೆ ಎತ್ತಿ ಗಾಜಿಗೆ ಆನಿಸಿಕೊಂಡಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಪ್ರತಿ ಉಸಿರಿಗೂ ಒಂದು ಮೂಗಿನ ಹೊಳ್ಳೆಯಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದು ಒಡೆಯುತ್ತಿತ್ತು. ತುಟಿಯ ಅಂಚಿಗೆ ಗಂಜಿಯಂಥ ಲೋಳೆ. ಎತ್ತಿಕೊಂಡು ತಿರುಗಿಸಿದರೆ ಹೊಟ್ಟೆಯ ಬಿಳಿ ಹುರುಪೆಗಳು ನಾಲ್ಕು ಬೆರಳಗಲ ಕಂದು ಬಣ್ಣಕ್ಕೆ ತಿರುಗಿವೆ, ಮಧ್ಯೆ ನೀರು ತುಂಬಿದ ಬೊಬ್ಬೆ. ನನಗೆ ಅಲ್ಲೇ ಅಳು ಬಂತು.

ಬೆಳಿಗ್ಗೆ ಥರ್ಮೊಕೋಲ್ ಡಬ್ಬಿಯಲ್ಲಿ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಇಟ್ಟು ಮೈಸೂರಿಗೆ ಹೊರಟೆವು. ಹಾವು ನೋಡಿ ಗೊತ್ತಿರುವ ಪಶುವೈದ್ಯರು ಹತ್ತಿರದಲ್ಲಿ ನಮಗೆ ಸಿಗಲಿಲ್ಲ. ಡಾಕ್ಟರು ನೋಡಿದ ಕೂಡಲೇ ಶ್ವಾಸಕೋಶದ ಸೋಂಕು ಅಂದರು. ಹಾವಿಗೆ ನಮ್ಮ ಹಾಗೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ, ಅಂದರೆ ವಪೆ ಇಲ್ಲ, ಕೆಮ್ಮಿ ಕಫ ಹೊರಗೆ ಹಾಕಲಾರದು. ಅದಕ್ಕೇ ತಲೆ ಎತ್ತಿ ಉಸಿರಿಗೆ ದಾರಿ ಮಾಡಿಕೊಳ್ಳುತ್ತದೆ. ಮೂರು ದಿನಕ್ಕೊಂದು ಇಂಜೆಕ್ಷನ್, ಸುಟ್ಟ ಗಾಯಕ್ಕೆ ಮುಲಾಮು. ಔಷಧಿ ಬರೆದುಕೊಟ್ಟು ಅವರು ಹೇಳಿದ ಮಾತು: "ಇದೇ ಟ್ಯಾಂಕ್‌ಗೆ ವಾಪಸ್ ಹಾಕೋದಾದ್ರೆ ಈ ಇಂಜೆಕ್ಷನ್ ಕೊಟ್ಟೂ ಪ್ರಯೋಜನ ಇಲ್ಲಮ್ಮ."

ಆಮೇಲೆ ಮಾಡಿಸಿದ ಪೆಟ್ಟಿಗೆ ಹೇಗಿದೆ ಅಂತ ಹೇಳುತ್ತೇನೆ. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರ. ಬೆಳೆದ ಬಾಲ್ ಪೈಥಾನ್ ಮೂರರಿಂದ ಐದು ಅಡಿ ಇರುತ್ತದೆ, ಮೈ ನೀಟವಾಗಿ ಚಾಚಲು ಇಷ್ಟಾದರೂ ಬೇಕು. 18 ಎಂಎಂ ಮೆರೈನ್ ಪ್ಲೈವುಡ್, ಊರಿನ ಆಚಾರಿಯೇ ಮಾಡಿಕೊಟ್ಟರು. ಮರ ಬಿಸಿಯನ್ನು ಹಿಡಿದಿಡುತ್ತದೆ, ಗಾಜಿನ ಹಾಗೆ ಬಿಟ್ಟುಕೊಡಲ್ಲ. ಒಳಗೆ ನೀರಿನ ಬೇಸ್ ಇರುವ ವಾರ್ನಿಷ್ ಮೂರು ಕೋಟ್, ಸಂದಿಗೆಲ್ಲ ಅಕ್ವೇರಿಯಂ ಸಿಲಿಕಾನ್. ವಾಸನೆ ಪೂರ್ತಿ ಹೋಗುವವರೆಗೆ ತೆರೆದಿಟ್ಟೆವು. ಈ ಕೆಲಸ ಮಳೆಗಾಲದಲ್ಲಿ ಬೇಗ ಮುಗಿಯಲ್ಲ, ಹಾಗಾಗಿ ಬೇಸಿಗೆಯಲ್ಲೇ ಮಾಡಿಸಿ. ಅಷ್ಟು ದಿನ ಮುತ್ತುವನ್ನು ಗಾಳಿಗೆ ತೂತು ಮಾಡಿದ ದೊಡ್ಡ ಪ್ಲಾಸ್ಟಿಕ್ ಡಬ್ಬದಲ್ಲಿ, ಪೇಪರ್ ಹಾಸಿ, ಥರ್ಮೋಸ್ಟಾಟ್ ಹಾಕಿಯೇ ನೋಡಿಕೊಂಡೆ.

ಬಾಗಿಲು ಮುಂದುಗಡೆ ಇರಲಿ. ಸರಿಸುವ ಗಾಜು, ಅದಕ್ಕೆ ಶೋಕೇಸ್‌ಗೆ ಹಾಕುವ ಬೀಗ. ಗಾಳಿಗೆ ಒಂದು ಪಕ್ಕ ಕೆಳಗೆ, ಎದುರು ಪಕ್ಕ ಮೇಲೆ ತೂತು. ಬಿಸಿ ಕೊಡುವ ಹೀಟರ್ ಒಳಗಡೆ ಮೇಲ್ಭಾಗಕ್ಕೆ, ಸುತ್ತ ಗಟ್ಟಿ ಜಾಲರಿ, ಹಾವು ಅದಕ್ಕೆ ಸುತ್ತಿಕೊಳ್ಳಬಾರದು. ಥರ್ಮೋಸ್ಟಾಟ್ ಬಗ್ಗೆ ಯಾರು ಏನೇ ಹೇಳಲಿ, ಅದಿಲ್ಲದೆ ಸ್ವಿಚ್ ಹಾಕಲೇಬೇಡಿ. ಅಡಗಲು ಎರಡು ಗೂಡು, ಒಂದು ಬಿಸಿ ಕಡೆ, ಒಂದು ತಂಪು ಕಡೆ. ಒಂದೇ ಇಟ್ಟರೆ ಹಾವು ಬೆಚ್ಚಗಿರುವುದಾ ಅಡಗುವುದಾ ಅಂತ ಯಾವುದೋ ಒಂದನ್ನು ಬಿಡಬೇಕಾಗುತ್ತದೆ.

ತೇವದ ಬಗ್ಗೆ ನಾನು ತಿಳಿದದ್ದೇ ತಪ್ಪಾಗಿತ್ತು. ಹೊರಗೆ ಗಾಳಿಯಲ್ಲಿ 95 ಪರ್ಸೆಂಟ್ ತೇವ ಇದೆ, ಪೆಟ್ಟಿಗೆ ಒಣಗಿರಲು ಸಾಧ್ಯವೇ ಇಲ್ಲ ಅಂದುಕೊಂಡಿದ್ದೆ. ಆದರೆ 20 ಡಿಗ್ರಿಯ ಆ ಗಾಳಿಯನ್ನು 30 ಡಿಗ್ರಿಗೆ ಬಿಸಿ ಮಾಡಿದರೆ ಅದೇ ತೇವ 50 ಪರ್ಸೆಂಟ್ ಚಿಲ್ಲರೆಗೆ ಇಳಿಯುತ್ತದೆ. ಬಾಲ್ ಪೈಥಾನ್‌ಗೆ ಬೇಕಾದದ್ದು 60ರ ಆಚೀಚೆ, ಪೊರೆ ಬಿಡುವಾಗ ಇನ್ನೂ ಸ್ವಲ್ಪ ಜಾಸ್ತಿ. ಸರಿಯಾಗಿ ಬಿಸಿ ಮಾಡಿ ಗಾಳಿ ಬಿಟ್ಟ ಮೇಲೆ, ಆ ಜಡಿಮಳೆಯಲ್ಲೂ ನಾನು ನೀರಿನ ಬಟ್ಟಲು ಸ್ವಲ್ಪ ದೊಡ್ಡದು ಇಡಬೇಕಾಯಿತು!

ಇನ್ನು ಕರೆಂಟು. ಮರ ಬಿದ್ದು ಲೈನ್ ಹೋದರೆ ಎರಡು ಮೂರು ದಿನ ಬರದೇ ಇರುವುದು ನಮಗೆ ಹೊಸದಲ್ಲ. ಪೆಟ್ಟಿಗೆಯ ಬೆಲೆ ಲೆಕ್ಕ ಹಾಕುವಾಗ ಇನ್ವರ್ಟರನ್ನೂ ಸೇರಿಸಿಯೇ ಲೆಕ್ಕ ಹಾಕಿ. ಬ್ಯಾಟರಿಯೂ ಮುಗಿದರೆ ಹಂಡೆಯ ಬಿಸಿನೀರನ್ನು ಬಾಟಲಿಗೆ ತುಂಬಿ, ದಪ್ಪ ಟವೆಲ್ ಸುತ್ತಿ ಒಳಗಿಡಿ, ಪೆಟ್ಟಿಗೆ ಮೇಲೆ ಕಂಬಳಿ ಹೊದಿಸಿ, ಗಾಳಿ ತೂತು ಮುಚ್ಚದ ಹಾಗೆ. ಹೋದ ಆಗಸ್ಟ್‌ನಲ್ಲಿ ಒಂದೂವರೆ ದಿನ ನಾನು ಹೀಗೇ ನಡೆಸಿದೆ. ಮರದ ಪೆಟ್ಟಿಗೆ 25ಕ್ಕಿಂತ ಕೆಳಗೆ ಇಳಿಯಲಿಲ್ಲ.

ಮುತ್ತು ಈಗ ತಿನ್ನುತ್ತಿದೆ. ಹೊಟ್ಟೆಯ ಮೇಲಿನ ಕಲೆ ಒಂದೊಂದು ಪೊರೆಗೂ ಸ್ವಲ್ಪ ಮಾಸುತ್ತಿದೆ, ಪೂರ್ತಿ ಹೋಗಲ್ಲವಂತೆ.

ಹಾವು ತರುವ ಮೊದಲು ಪೆಟ್ಟಿಗೆ ತನ್ನಿ. ಖಾಲಿ ಪೆಟ್ಟಿಗೆಯನ್ನೇ ಒಂದು ವಾರ ಓಡಿಸಿ. ಎರಡೂ ತುದಿಗೆ ಒಂದೊಂದು ಥರ್ಮಾಮೀಟರ್ ಇಟ್ಟು ಬೆಳಿಗ್ಗೆ, ಸಂಜೆ ಬರೆದಿಡಿ. ಒಂದು ರಾತ್ರಿ ಬೇಕೆಂತಲೇ ಸ್ವಿಚ್ ಆಫ್ ಮಾಡಿ, ಬೆಳಿಗ್ಗೆ ಎಷ್ಟಿದೆ ನೋಡಿ. ಆ ವಾರ ಜೂನ್, ಜುಲೈ ಆಗಿದ್ದರೆ ಇನ್ನೂ ಒಳ್ಳೆಯದು.